ಕೆರೆಯಲ್ಲಿ ಏನೋ ಕಂಡಿತು: ಮೈಸೂರು, ಮಂಡ್ಯದ ಕೆರೆ, ನಾಲೆ, ಹಿನ್ನೀರಿನ ಗುರುತು ಸಿಗದ ಪ್ರಾಣಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈಗಷ್ಟೇ ನೀರಿನಲ್ಲಿ ಏನೋ ದೊಡ್ಡದು ಕಂಡಿತು. ಮೊದಲು ಏನು ಮಾಡಬೇಕು?

ನೀರಿನಿಂದ ಹಿಂದೆ ಸರಿಯಿರಿ. ಅಂಚಿನಿಂದ ಕನಿಷ್ಠ ಹತ್ತು ಮೀಟರ್, ಸಾಧ್ಯವಾದರೆ ಏರಿಯ ಮೇಲಕ್ಕೆ. ಬಟ್ಟೆ ಒಗೆಯುವವರು, ಎಮ್ಮೆ ಮೈತೊಳೆಯುವವರು, ಈಜುವ ಹುಡುಗರು ಇದ್ದರೆ ಕೂಗಿ ಮೇಲಕ್ಕೆ ಕರೆಯಿರಿ. ಫೋಟೊ ಆಮೇಲೆ.

ಕಾವೇರಿ, ಕಬಿನಿ ಮತ್ತು ಅವುಗಳ ನಾಲೆಗಳ ಸಂಪರ್ಕವಿರುವ ಯಾವ ನೀರಾದರೂ ಸರಿ, ಗುರುತು ಸಿಗದ ದೊಡ್ಡ ಪ್ರಾಣಿ ಕಂಡರೆ ಅದು ಬೇರೆ ಏನೋ ಎಂದು ಖಾತ್ರಿಯಾಗುವವರೆಗೆ ಮೊಸಳೆ ಎಂದೇ ಲೆಕ್ಕ ಹಿಡಿಯಬೇಕು. ಈ ಪುಟದ ಎಲ್ಲ ಉತ್ತರಗಳೂ ಆ ಲೆಕ್ಕದ ಮೇಲೇ ನಿಂತಿವೆ. ನೀರುನಾಯಿಯನ್ನು ಮೊಸಳೆ ಎಂದುಕೊಂಡು ದೂರ ನಿಂತರೆ ನಷ್ಟವೇನೂ ಇಲ್ಲ. ಮೊಸಳೆಯನ್ನು "ಯಾವುದೋ ವಿಚಿತ್ರ ಪ್ರಾಣಿ" ಎಂದುಕೊಂಡು ಹತ್ತಿರ ಹೋದರೆ ಕಾಲೇ ಹೋಗಬಹುದು.

ಹೆಸರೇ ಇಲ್ಲದ ದೈತ್ಯ ಪ್ರಾಣಿ ನಮ್ಮ ಕೆರೆಗಳಲ್ಲಿ ಇರಲು ಸಾಧ್ಯವೇ?

ಇಲ್ಲ. ಈ ಭಾಗದ ಕೆರೆಗಳೆಲ್ಲ ಮನುಷ್ಯರು ಕಟ್ಟಿದವು. ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದದ್ದು. ಲಿಂಗಾಂಬುಧಿಯೂ ಅವರ ಕಾಲದ್ದೇ. ತೊಣ್ಣೂರು ಕೆರೆ ಇವೆರಡಕ್ಕಿಂತ ಎಷ್ಟೋ ಹಳೆಯದು, ಆದರೂ ಅದೂ ಎರಡು ಬೆಟ್ಟದ ನಡುವೆ ಏರಿ ಹಾಕಿ ನಿಲ್ಲಿಸಿದ ನೀರೇ. ಹಳ್ಳಿ ಕೆರೆಗಳಂತೂ ಬರಗಾಲದಲ್ಲಿ ತಳ ಬಿರಿಯುವಷ್ಟು ಬತ್ತುತ್ತವೆ. ಆಗ ಜೆಸಿಬಿ ಇಳಿಸಿ ಹೂಳೆತ್ತುತ್ತಾರೆ, ಟ್ರ್ಯಾಕ್ಟರಿನಲ್ಲಿ ಗೋಡುಮಣ್ಣು ಗದ್ದೆಗೆ ಹೋಗುತ್ತದೆ, ಹುಡುಗರು ತಳದಲ್ಲೇ ಕ್ರಿಕೆಟ್ ಆಡುತ್ತಾರೆ. ಹತ್ತು ಮೀಟರ್ ಉದ್ದದ ಪ್ರಾಣಿ ಅಷ್ಟರಲ್ಲಿ ಎಲ್ಲಿಗೆ ಹೋಗಿ ಅಡಗಬೇಕು?

ಎರಡನೆಯದು ಊಟದ ಲೆಕ್ಕ. ಒಂದೇ ಪ್ರಾಣಿ ಇದ್ದರೆ ಅದು ಸತ್ತ ದಿನ ಕಥೆ ಮುಗಿಯುತ್ತದೆ. ತಲೆಮಾರುಗಳಿಂದ ಇದೆ ಎನ್ನಬೇಕಾದರೆ ಗಂಡು, ಹೆಣ್ಣು, ಮರಿ ಸೇರಿ ಒಂದು ಸಂಸಾರವೇ ಇರಬೇಕು. ಅಷ್ಟಕ್ಕೂ ಸಾಲುವಷ್ಟು ಮೀನು ಬೇಕು. ಮೀನು ಸಾಕಣೆಗೆ ಹರಾಜು ಹಾಕಿದ ಕೆರೆಯಲ್ಲಿ ಗುತ್ತಿಗೆದಾರ ಬಲೆ ಎಳೆದಾಗ ಕಾಟ್ಲ, ರೋಹು ಎಷ್ಟು ಕಡಿಮೆ ಬಂತೆಂದು ಕಿಲೋ ಲೆಕ್ಕದಲ್ಲಿ ಹೇಳುತ್ತಾನೆ. ದೈತ್ಯ ಪ್ರಾಣಿ ಮೊದಲು ಸಿಕ್ಕಿಬೀಳುವುದು ಅವನ ಲೆಕ್ಕದ ಪುಸ್ತಕದಲ್ಲಿ.

ದೈತ್ಯ ಪ್ರಾಣಿಯ ಕಥೆಗೆ ಜಗತ್ತಿನಲ್ಲೇ ಹೆಸರಾದ ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಪರಿಸ್ಥಿತಿ ಬೇರೆ. ಉದ್ದ ಸುಮಾರು 37 ಕಿಲೋಮೀಟರ್, ಆಳ 230 ಮೀಟರಿನಷ್ಟು, ನೀರು ಕಂದು ಬಣ್ಣ. ಅಲ್ಲಿಯೂ ಏನೂ ಸಿಕ್ಕಿಲ್ಲ. 2018ರಲ್ಲಿ ನ್ಯೂಜಿಲೆಂಡಿನ ವಿಜ್ಞಾನಿ ನೀಲ್ ಜೆಮ್ಮೆಲ್ ತಂಡ ಸರೋವರದ ಬೇರೆ ಬೇರೆ ಆಳದಿಂದ ನೀರು ತೆಗೆದು ಅದರಲ್ಲಿನ ಡಿಎನ್‌ಎ ಹುಡುಕಿತು. 2019ರಲ್ಲಿ ಬಂದ ಫಲಿತಾಂಶದಲ್ಲಿ ಸರೀಸೃಪದ ಡಿಎನ್‌ಎ ಇರಲಿಲ್ಲ, ಹಾವುಮೀನಿನದು ಮಾತ್ರ ಹೇರಳವಾಗಿತ್ತು.

ಕೆರೆ ಬತ್ತಿದ್ದನ್ನು ನಾವೇ ನೋಡಿದ್ದೇವೆ. ಹಾಗಾದರೆ ಮೊಸಳೆಯೂ ಇರಲಾರದಲ್ಲ?

ಈ ತರ್ಕ ಮೊಸಳೆಗೆ ಹೊಂದುವುದಿಲ್ಲ. ನಮ್ಮ ಸಿಹಿನೀರ ಮೊಸಳೆ ದಡದಲ್ಲಿ ಬಿಲ ತೋಡುತ್ತದೆ. ನೀರು ಬತ್ತಿದಾಗ ಅದರೊಳಗೆ ಮಲಗಿರುತ್ತದೆ, ಇಲ್ಲವೇ ರಾತ್ರಿ ನಡೆದುಕೊಂಡು ಪಕ್ಕದ ಕೆರೆಗೋ ನಾಲೆಗೋ ಹೋಗುತ್ತದೆ. ಬತ್ತಿದ ಕೆರೆಯ ಅಂಚಿನಲ್ಲಿ, ಜೊಂಡಿನ ಬುಡದಲ್ಲಿ, ಅಗಲ ಹೆಚ್ಚು ಎತ್ತರ ಕಡಿಮೆ ಇರುವ ಅರ್ಧಚಂದ್ರಾಕಾರದ ಬಿಲದ ಬಾಯಿ ಕಂಡರೆ ಕೋಲು ಹಾಕಿ ನೋಡಬೇಡಿ. ಹೂಳೆತ್ತುವ ಕೆಲಸ ಶುರುವಾಗುವ ಮೊದಲು ಜೆಸಿಬಿಯವರಿಗೆ ಆ ಜಾಗ ತೋರಿಸಿಡಿ.

ನಮ್ಮ ಕೆರೆಗೂ ನದಿಗೂ ಸಂಬಂಧವಿಲ್ಲ. ಮೊಸಳೆ ಎಲ್ಲಿಂದ ಬರಬೇಕು?

ಸಂಬಂಧವಿಲ್ಲ ಎಂದು ಹೇಳುವ ಮುಂಚೆ ತೂಬು, ಕೋಡಿ, ಉಪನಾಲೆ ಮೂರನ್ನೂ ನೋಡಿ. ಮಂಡ್ಯ ಜಿಲ್ಲೆಯ ಎಷ್ಟೋ ಕೆರೆಗಳಿಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬೀಳುತ್ತದೆ, ಮೈಸೂರಿನ ಕಡೆ ವರುಣಾ ನಾಲೆ ಇದೆ. ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿನಲ್ಲಿ ಬಂಡೆಗಳ ಮೇಲೆ ಮೊಸಳೆ ಬಿಸಿಲು ಕಾಯಿಸುವುದನ್ನು ದೋಣಿಯಲ್ಲಿ ಹೋದವರೆಲ್ಲ ನೋಡಿರುತ್ತಾರೆ. ಕೆಆರ್‌ಎಸ್ ತುಂಬಿ ನದಿಗೆ ನೀರು ಬಿಟ್ಟಾಗ ಆ ದ್ವೀಪಗಳು ಮುಳುಗುತ್ತವೆ, ದೋಣಿವಿಹಾರ ನಿಲ್ಲಿಸುತ್ತಾರೆ. ಪ್ರವಾಹದ ಸೆಳೆತ ತಪ್ಪಿಸಿಕೊಳ್ಳಲು ಮೊಸಳೆಗಳು ಪಕ್ಕದ ಹಳ್ಳ, ಕಬ್ಬಿನ ಗದ್ದೆ, ನಾಲೆಗಳ ಕಡೆ ಸರಿಯುತ್ತವೆ.

ಜುಲೈ, ಆಗಸ್ಟಿನಲ್ಲಿ ಹೀಗೆ ಬಂದದ್ದು ಜನರ ಕಣ್ಣಿಗೆ ಬೀಳುವುದು ನಾಲೆ ನೀರು ನಿಲ್ಲಿಸಿದ ಮೇಲೆ. ನೀರು ಇಳಿದು ಗುಂಡಿಗಳಷ್ಟೇ ಉಳಿದಾಗ ಅಡಗಲು ಜಾಗವಿರುವುದಿಲ್ಲ. "ಹೋದ ವಾರದವರೆಗೆ ಇಲ್ಲದ್ದು ಈಗ ಎಲ್ಲಿಂದ ಬಂತು" ಎಂದು ಜನ ಕೇಳುತ್ತಾರೆ. ಅದು ಅಲ್ಲೇ ಇತ್ತು.

ಮೂರ್ನಾಲ್ಕು ಗೂನು ಸಾಲಾಗಿ ಏಳುತ್ತಾ ಮುಳುಗುತ್ತಾ ಹೋಯಿತು. ದೊಡ್ಡ ಹಾವೇ?

ಹಾವಲ್ಲ. ಹಾವು, ಉಡ, ಮೊಸಳೆ, ಮೀನು ಎಲ್ಲವೂ ಈಜುವಾಗ ಮೈ ಬಳುಕಿಸುವುದು ಎಡಕ್ಕೆ ಬಲಕ್ಕೆ. ಮೇಲೆ ಕೆಳಗೆ ಬಾಗುತ್ತಾ ಹೋಗುವುದು ಸಸ್ತನಿಗಳು. ಇದೊಂದನ್ನು ನೆನಪಿಟ್ಟುಕೊಂಡರೆ "ಗೂನು ಸರ್ಪ"ದ ದೂರುಗಳಲ್ಲಿ ದೊಡ್ಡ ಪಾಲು ಅಲ್ಲೇ ಇತ್ಯರ್ಥವಾಗುತ್ತದೆ.

ಮೊದಲ ಅನುಮಾನ ನೀರುನಾಯಿಯ ಮೇಲೆ. ಕಾವೇರಿ ಮತ್ತು ಕಬಿನಿಯಲ್ಲಿ ಇವು ಗುಂಪಾಗಿ ಇರುತ್ತವೆ. ಬಾಲ ಸೇರಿ ಒಂದೊಂದೂ ಒಂದು ಮೀಟರ್, ಅದಕ್ಕಿಂತ ಸ್ವಲ್ಪ ಹೆಚ್ಚು. ನಾಲ್ಕೈದು ಒಂದರ ಹಿಂದೊಂದು ಹೋಗುವಾಗ ಮುಂದಿನದು ಮುಳುಗುವ ಹೊತ್ತಿಗೆ ಹಿಂದಿನದರ ಬೆನ್ನು ಏಳುತ್ತದೆ. ದೂರಕ್ಕೆ ಆರು ಏಳು ಮೀಟರಿನ ಒಂದೇ ಪ್ರಾಣಿ. ಎರಡು ನಿಮಿಷ ಕಾಯಿರಿ. ಗೂನುಗಳ ನಡುವಿನ ಅಂತರ ಬದಲಾಗುತ್ತಾ ಹೋದರೆ, ಒಂದು ಗೂನು ಸಾಲು ಬಿಟ್ಟು ಪಕ್ಕಕ್ಕೆ ತಿರುಗಿದರೆ, ನೀರುನಾಯಿ. ದಡಕ್ಕೆ ಬಂದು ಬಂಡೆ ಮೇಲೆ ಮೀನು ಕಡಿಯುವ ಸದ್ದು, ಸೀಟಿಯಂಥ ಕೂಗು ಕೇಳಿದರೆ ಇನ್ನು ಅನುಮಾನವೇ ಬೇಡ.

ಗೂನುಗಳ ಅಂತರ ಬದಲಾಗದೆ, ಇಡೀ ಸಾಲು ಇದ್ದಲ್ಲೇ ಕುಣಿಯುತ್ತಿದ್ದರೆ ಮೀನುಗಾರರ ಬಲೆ. ತೇಲುಬೆಂಡಿಗೆ ಥರ್ಮಾಕೋಲ್ ತುಂಡು, ಖಾಲಿ ನೀರಿನ ಬಾಟಲಿ, ಹಳೆ ಹವಾಯಿ ಚಪ್ಪಲಿ ಏನು ಬೇಕಾದರೂ ಕಟ್ಟಿರುತ್ತಾರೆ. ಪಾಚಿ ಹಿಡಿದ ಮೇಲೆ ಎಲ್ಲವೂ ಕಪ್ಪು. ಬಲೆಗೆ ದೊಡ್ಡ ಮೀನು ಬಿದ್ದು ಎಳೆದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಂಡುಗಳು ಒಂದೊಂದಾಗಿ ಮುಳುಗಿ ಏಳುವುದನ್ನು ನೋಡಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ.

ಉದ್ದ ಕುತ್ತಿಗೆ ನೀರಿನಿಂದ ಮೇಲೆ ಬಂತು, ಮೈ ಕಾಣಲಿಲ್ಲ. ಅದೇನು?

ತೆಳ್ಳಗಿದ್ದು, ಅರ್ಧ ಮೀಟರಿನೊಳಗಿದ್ದು, ತುದಿ ಚೂಪಾಗಿದ್ದರೆ ಹಾವಕ್ಕಿ. ಅದು ಮೈಯನ್ನೆಲ್ಲ ನೀರೊಳಗೆ ಮುಳುಗಿಸಿ ಕುತ್ತಿಗೆ ಮಾತ್ರ ಹೊರಗಿಟ್ಟು ಈಜುತ್ತದೆ. ಕುಕ್ಕರಹಳ್ಳಿ, ಕಾರಂಜಿ ಕೆರೆಗಳಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಇದು ದಿನದ ನೋಟ. ಸ್ವಲ್ಪ ಹೊತ್ತಿಗೆ ಮರದ ಕೊಂಬೆಯ ಮೇಲೆ ರೆಕ್ಕೆ ಹರಡಿಕೊಂಡು ಒಣಗಿಸುತ್ತಾ ಕೂರುತ್ತದೆ.

ದಪ್ಪಗಿದ್ದು, ಬೂದು ಬಣ್ಣದ್ದಾಗಿದ್ದು, ಅತ್ತಿತ್ತ ಬಾಗುತ್ತಿದ್ದರೆ, ಅದೂ ಕಬಿನಿ ಹಿನ್ನೀರಿನಲ್ಲಿ ಅಥವಾ ಕಾಡಂಚಿನ ಕೆರೆಯಲ್ಲಿ ಕಂಡಿದ್ದರೆ, ಆನೆ ಈಜುತ್ತಿದೆ. ಸೊಂಡಿಲು ಮೇಲಿಟ್ಟು ಉಸಿರಾಡುತ್ತಾ ಆಳದ ನೀರನ್ನು ದಾಟುತ್ತದೆ. ಹಣೆಯ ಉಬ್ಬು ಆಗಾಗ "ಗೂನಿ"ನಂತೆ ಏಳುತ್ತದೆ. ಇಂಥ ಕಡೆ ನೀವು ಯೋಚಿಸಬೇಕಾದ್ದು ಅದು ಯಾವ ದಡದಲ್ಲಿ ಹತ್ತುತ್ತದೆ ಎಂದು. ನೀವು ನಿಂತಿರುವ ದಡವೇ ಆಗಿರಬಹುದು.

ಕೆಆರ್‌ಎಸ್ ಹಿನ್ನೀರಿನಲ್ಲಿ ಇನ್ನೊಂದಿದೆ. ಭರ್ತಿ ಮಟ್ಟ 124.80 ಅಡಿ. ನೀರು ತೀರಾ ಇಳಿದ ವರ್ಷಗಳಲ್ಲಿ ಮುಳುಗಿದ ಊರುಗಳ ಗೋಡೆ, ಕಂಬ, ಮರದ ಬೊಡ್ಡೆಗಳು ಹೊರಗೆ ಬರುತ್ತವೆ. ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಹೀಗೇ ಬರಗಾಲದಲ್ಲಿ ಕಾಣುತ್ತಿತ್ತು, ಆಮೇಲೆ ಕಲ್ಲುಗಳನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಅಲೆ ಬಡಿಯುವ ಬೊಡ್ಡೆ ದೂರಕ್ಕೆ ಮುಂದೆ ಸಾಗುತ್ತಿರುವಂತೆಯೇ ಕಾಣುತ್ತದೆ, ಸಾಗುತ್ತಿರುವುದು ಅಲೆ. ಹಿಂದಿನ ದಡದ ಒಂದು ಮರಕ್ಕೆ ನೇರವಾಗಿ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ದೋಣಿ, ಗಾಳಿ ಎರಡೂ ಇಲ್ಲದೆ ನೀರಲ್ಲಿ ದೊಡ್ಡ ಅಲೆ ಎದ್ದಿತು.

ದೋಣಿ ಹೋಗಿ ಹತ್ತು ನಿಮಿಷ ಆಗಿರಬಹುದು. ನೀರು ಶಾಂತವಾಗಿದ್ದರೆ ಅದರ ಅಲೆ ದೂರದ ದಡಕ್ಕೆ ಬಡಿದು ವಾಪಸ್ ಬರುತ್ತದೆ. ಕಲ್ಲು ಕಟ್ಟಿದ ಏರಿಯಿಂದ ಅಲೆ ಹೆಚ್ಚು ಹಿಂದಿರುಗುತ್ತದೆ, ಜೊಂಡು ಬೆಳೆದ ದಡ ಅದನ್ನು ನುಂಗಿಬಿಡುತ್ತದೆ. ಎರಡು ಕಡೆಯಿಂದ ಬಂದ ಅಲೆಗಳು ಕೆರೆಯ ನಡುವೆ ಸೇರಿದ ಜಾಗದಲ್ಲಿ ಕಪ್ಪು ಗೂನುಗಳು ಅರ್ಧ ನಿಮಿಷ ಎದ್ದು ಅಡಗುತ್ತವೆ.

ಮುಂದೆ ಚೂಪು, ಹಿಂದೆ ಅಗಲವಾಗುವ ಬಾಣದ ತುದಿಯಂಥ ಅಲೆ ಒಂದೇ ದಿಕ್ಕಿಗೆ ಸಾಗುತ್ತಿದ್ದರೆ ಮಾತ್ರ ಅದರ ತುದಿಯಲ್ಲಿ ಪ್ರಾಣಿ ಇದೆ. ಉದ್ದ ಹೇಳುವಾಗ ಜನ ಆ ಅಲೆಯನ್ನೂ ಸೇರಿಸಿಬಿಡುತ್ತಾರೆ. ಅರ್ಧ ಮೀಟರಿನ ಆಮೆ ಹತ್ತು ಮೀಟರ್ ಆಗುವುದು ಹೀಗೆ.

ನೀರು ಕುದಿದ ಹಾಗೆ ಗುಳ್ಳೆ ಬಂತು, ಕಪ್ಪಗಿನ ಏನೋ ಎದ್ದು ಮತ್ತೆ ಮುಳುಗಿತು.

ತಳದ ಹೂಳಿನಲ್ಲಿ ಎಲೆ, ಜೊಂಡು, ಅಂತರಗಂಗೆ ಕೊಳೆತು ಮೀಥೇನ್ ಅನಿಲ ಸೇರುತ್ತದೆ. ನೀರು ಕಡಿಮೆಯಾಗಿ ಒತ್ತಡ ಇಳಿದಾಗ, ಬೇಸಿಗೆಯಲ್ಲಿ ತಳ ಬೆಚ್ಚಗಾದಾಗ ಅದು ಒಮ್ಮೆಗೇ ಹೊರಡುತ್ತದೆ. ಜೊತೆಗೆ ಬೇರು, ಕೆಸರು ಹೆಣೆದುಕೊಂಡ ಚಾಪೆಯಂಥ ತುಂಡನ್ನೂ ಎತ್ತಿಕೊಂಡು ಬರುತ್ತದೆ. ಗಾಳಿ ಹೋದ ಮೇಲೆ ಅದು ಮತ್ತೆ ಮುಳುಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಇದೇ. ಒಂದೇ ಜಾಗದಲ್ಲಿ ಗುಳ್ಳೆ ಬಂದರೆ ಅನಿಲ. ಗುಳ್ಳೆಯ ಸಾಲು ಮುಂದೆ ಸರಿಯುತ್ತಾ ಹೋದರೆ ತಳದಲ್ಲಿ ಆಮೆ, ನೀರುನಾಯಿ ಅಥವಾ ಮೊಸಳೆ.

ಬೆಳಗಿನ ಜಾವ ಕೆರೆ ತುಂಬ ಬಾಯಿಗಳು ಮೇಲೆ ಬಂದು "ಪಚ್ ಪಚ್" ಎನ್ನುತ್ತಿದ್ದರೆ ಮೀನಿಗೆ ಉಸಿರು ಕಟ್ಟಿದೆ. ರಾತ್ರಿಯೆಲ್ಲ ಪಾಚಿಯೂ ಆಮ್ಲಜನಕ ಬಳಸುವುದರಿಂದ ಸೂರ್ಯ ಹುಟ್ಟುವ ಹೊತ್ತಿಗೆ ಅದು ತೀರಾ ಕಡಿಮೆ. ಒಳಚರಂಡಿ ನೀರು ಸೇರಿದರೆ ಇನ್ನೂ ಕಷ್ಟ. ತಕ್ಷಣ ಮೀನುಗಾರಿಕೆ ಇಲಾಖೆಗೆ ಹೇಳಿ, ಮಧ್ಯಾಹ್ನದ ಹೊತ್ತಿಗೆ ಸತ್ತ ಮೀನು ತೇಲುತ್ತವೆ.

ಮೊಸಳೆಯ ಬಾಯಿ, ಮೀನಿನ ಮೈ. ಇದು ಯಾವ ಪ್ರಾಣಿ?

ಅಲಿಗೇಟರ್ ಗಾರ್ ಎಂಬ ಅಮೆರಿಕದ ಮೀನು. ಅಕ್ವೇರಿಯಮ್ಮಿಗೆ ಚಿಕ್ಕದಾಗಿ ತಂದು, ತೊಟ್ಟಿಗೆ ಹಿಡಿಸದಷ್ಟು ಬೆಳೆದ ಮೇಲೆ ಕೆರೆಗೆ ಬಿಡುತ್ತಾರೆ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲೂ ಸಿಕ್ಕಿತ್ತು. ಮೈತುಂಬ ಹುರುಪೆ, ಮೀಸೆ ಇರುವ ಕಪ್ಪು ಮೀನು ಸಕ್ಕರ್ ಕ್ಯಾಟ್‌ಫಿಶ್. ಒದ್ದೆ ನೆಲದಲ್ಲಿ ತೆವಳಿಕೊಂಡು ಹೋಗುವುದು ಆಫ್ರಿಕನ್ ಕ್ಯಾಟ್‌ಫಿಶ್. ಅದರ ಸಾಕಣೆಯೇ ನಿಷಿದ್ಧ. ಇವು ಸಿಕ್ಕರೆ ವಾಪಸ್ ನೀರಿಗೆ ಬಿಡಬೇಡಿ, ಮೀನುಗಾರಿಕೆ ಇಲಾಖೆಗೆ ಒಪ್ಪಿಸಿ. ನಮ್ಮವೇ ಆದ ಬಾಳೆಮೀನು, ಕಾಟ್ಲ ಕೂಡ ಆಳೆತ್ತರಕ್ಕೆ ಬೆಳೆಯಬಲ್ಲವು ಎಂಬುದು ಮಾರ್ಕೆಟ್ಟಿನಲ್ಲಿ ಒಂದೆರಡು ಕಿಲೋದವನ್ನಷ್ಟೇ ನೋಡಿದವರಿಗೆ ಗೊತ್ತಿರುವುದಿಲ್ಲ.

ರಾತ್ರಿ ಬ್ಯಾಟರಿ ಬಿಟ್ಟಾಗ ಕೆಂಪು ಕಣ್ಣು ಹೊಳೆಯಿತು.

ನೀರಿನ ಮಟ್ಟದಲ್ಲೇ ಕೆಂಪು ಕಿತ್ತಳೆ ಬಣ್ಣದ ಹೊಳಪು ಸ್ಥಿರವಾಗಿ ನಿಂತು, ಸದ್ದಿಲ್ಲದೆ ಆರಿದರೆ ಮೊಸಳೆ. ಹುಡುಕಲು ಮತ್ತೆ ಹೋಗಬೇಡಿ.

ಒಬ್ಬರು ಆರು ಅಡಿ ಅನ್ನುತ್ತಾರೆ, ಇನ್ನೊಬ್ಬರು ಮೂವತ್ತು ಅಡಿ. ಉದ್ದವನ್ನು ಸರಿಯಾಗಿ ಹೇಗೆ ಕಂಡುಹಿಡಿಯುವುದು?

ಉದ್ದ ತಪ್ಪಾಗುವುದು ದೂರ ತಪ್ಪಾದ್ದರಿಂದ. ನೀರಿನ ಮೇಲೆ ದೂರ ತಿಳಿಸುವ ಗುರುತುಗಳೇ ಇರುವುದಿಲ್ಲ. ದಡದಲ್ಲಿ ನಿಂತವನ ಕಣ್ಣು ನೀರಿನಿಂದ ಒಂದೂವರೆ ಮೀಟರ್ ಮೇಲಿರುತ್ತದೆ. ಅಲ್ಲಿಂದ 100 ಮೀಟರ್ ದೂರದ ವಸ್ತುವಿಗೂ 200 ಮೀಟರ್ ದೂರದ್ದಕ್ಕೂ ನೋಟದ ಕೋನದಲ್ಲಿ ಅರ್ಧ ಡಿಗ್ರಿಯೂ ವ್ಯತ್ಯಾಸ ಬರುವುದಿಲ್ಲ. ಅದೇ ಎಂಟು ಮೀಟರ್ ಎತ್ತರದ ಏರಿಯ ಮೇಲಿಂದ ನೋಡಿದರೆ ವ್ಯತ್ಯಾಸ ಎರಡು ಡಿಗ್ರಿಗೂ ಮೀರುತ್ತದೆ, ಕಣ್ಣಿಗೆ ಚೆನ್ನಾಗಿ ಗೊತ್ತಾಗುತ್ತದೆ. ಏರಿ ಹತ್ತಿ ಎಂದು ಹೇಳುವುದಕ್ಕೆ ಇದು ಎರಡನೆಯ ಕಾರಣ. ಧನುರ್ಮಾಸದ ಮಂಜಿನಲ್ಲಂತೂ ಹತ್ತಿರದ್ದು ದೂರದ್ದೆನಿಸಿ, ಅದರಿಂದ ದೊಡ್ಡದೆನಿಸುತ್ತದೆ.

ಕೈಯನ್ನು ಪೂರ್ತಿ ಮುಂದೆ ಚಾಚಿ. ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಹೆಬ್ಬೆರಳು 2, ಮುಷ್ಟಿ 10. ಪ್ರಾಣಿ ಎಷ್ಟು ಬೆರಳಿನ ಅಗಲ ಇತ್ತು ಎಂದು ಆಗಲೇ ನೋಡಿಕೊಳ್ಳಿ. ಪಕ್ಕದಲ್ಲಿದ್ದ ಬಂಡೆ, ಬಲೆಯ ಗೂಟ, ಜೊಂಡಿನ ತುದಿ ಯಾವುದಕ್ಕೆ ಹತ್ತಿರವಿತ್ತು ಎಂದು ಗುರುತು ಮಾಡಿ. ಮನೆಗೆ ಬಂದು ಗೂಗಲ್ ಮ್ಯಾಪಿನ ಉಪಗ್ರಹ ಚಿತ್ರದಲ್ಲಿ ನೀವು ನಿಂತ ಜಾಗವನ್ನು ಒತ್ತಿ ಹಿಡಿದು, ದೂರ ಅಳೆಯುವ ಆಯ್ಕೆಯಲ್ಲಿ ಆ ಬಂಡೆಯವರೆಗೆ ಅಳೆಯಿರಿ. ಆಮೇಲೆ: ದೂರವನ್ನು ಡಿಗ್ರಿಯಿಂದ ಗುಣಿಸಿ 57ರಿಂದ ಭಾಗಿಸಿ. 200 ಮೀಟರ್ ದೂರದಲ್ಲಿ ಒಂದು ಕಿರುಬೆರಳು ಎಂದರೆ ಮೂರೂವರೆ ಮೀಟರ್. ಇದು ಪ್ರಾಣಿ ಅಡ್ಡಲಾಗಿ ಇದ್ದಾಗಿನ ಲೆಕ್ಕ. ನಿಮ್ಮ ಕಡೆ ಮುಖ ಮಾಡಿದ್ದರೆ ಗಿಡ್ಡವಾಗಿ ಕಾಣುತ್ತದೆ.

ಮೊಸಳೆಯ ತಲೆ ಮಾತ್ರ ಕಂಡಿದ್ದರೆ ತಲೆಯ ಉದ್ದವನ್ನು ಏಳರಿಂದ ಗುಣಿಸಿ. 40 ಸೆಂಟಿಮೀಟರ್ ತಲೆ ಎಂದರೆ 2.8 ಮೀಟರಿನ ಹತ್ತಿರ. ನಮ್ಮ ಮೊಸಳೆ ನಾಲ್ಕು ಮೀಟರ್ ದಾಟುವುದು ಅಪರೂಪ. ಲೆಕ್ಕದಲ್ಲಿ ಒಂಬತ್ತು ಮೀಟರ್ ಬಂದರೆ ದೂರವನ್ನೇ ಮತ್ತೆ ಅಳೆಯಿರಿ.

ಫೋನಿನಲ್ಲಿ ತೆಗೆದ ಫೋಟೊದಲ್ಲಿ ಬರೀ ಕಪ್ಪು ಚುಕ್ಕೆ ಬರುತ್ತದೆ, ಯಾಕೆ?

ಸಾಮಾನ್ಯ ಫೋನಿನ ಮುಖ್ಯ ಕ್ಯಾಮೆರಾ 200 ಮೀಟರ್ ದೂರದಲ್ಲಿ 260 ಮೀಟರಿಗೂ ಹೆಚ್ಚು ಅಗಲದ ದೃಶ್ಯವನ್ನು ಹಿಡಿಯುತ್ತದೆ. 12 ಮೆಗಾಪಿಕ್ಸೆಲ್ ಚಿತ್ರದ ಅಗಲ 4000 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್ಲಿಗೆ ಆರೂವರೆ ಸೆಂಟಿಮೀಟರ್. ಮೂರು ಮೀಟರ್ ಮೊಸಳೆ ಪೂರ್ತಿ ಕಂಡರೂ 45 ಪಿಕ್ಸೆಲ್, ತಲೆ ಮಾತ್ರ ಕಂಡರೆ ಆರು. ಬೆರಳಲ್ಲಿ ಎಳೆದು ಜೂಮ್ ಮಾಡಿದರೆ ಆ ಆರು ಪಿಕ್ಸೆಲ್ಲೇ ದೊಡ್ಡದಾಗುತ್ತವೆ, ಜೊತೆಗೆ ಫೋನಿನ ಸಾಫ್ಟ್‌ವೇರ್ ತನ್ನ ಊಹೆಯಿಂದ ಅಂಚುಗಳನ್ನು ತಿದ್ದುತ್ತದೆ. "ಹಲ್ಲು ಕಾಣುತ್ತಿದೆ ನೋಡಿ" ಎಂಬ ಎಷ್ಟೋ ಚಿತ್ರಗಳಲ್ಲಿ ಹಲ್ಲು ಮೂಡಿಸಿದ್ದು ಸಾಫ್ಟ್‌ವೇರ್.

ಹೀಗೆ ಮಾಡಿ. ಫೋನನ್ನು ಅಡ್ಡ ಹಿಡಿದು ಮೊದಲು ಜೂಮ್ ಇಲ್ಲದೆ ಎರಡು ಚಿತ್ರ, ಎದುರು ದಡವೂ ಕಾಣುವಂತೆ. ಆಮೇಲೆ ಟೆಲಿಫೋಟೊ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ಪ್ರತ್ಯೇಕ ಲೆನ್ಸ್) ಇದ್ದರೆ ಅದರ ಮಿತಿಯೊಳಗೆ ಮಾತ್ರ ಜೂಮ್. ಆಮೇಲೆ ವಿಡಿಯೊ, ಕನಿಷ್ಠ ಒಂದು ನಿಮಿಷ, ಫೋನನ್ನು ಕಂಬಕ್ಕೋ ಬೈಕಿನ ಸೀಟಿಗೋ ಒರಗಿಸಿ. ಪ್ರಾಣಿ ಮುಳುಗಿದ ಮೇಲೂ ನಿಲ್ಲಿಸಬೇಡಿ. ಎಷ್ಟು ಹೊತ್ತಿಗೆ, ಎಲ್ಲಿ ಮತ್ತೆ ಎದ್ದಿತು ಎನ್ನುವುದೇ ಗುರುತು ಹಿಡಿಯಲು ಬೇಕಾದ್ದು: ಹಾವಕ್ಕಿ ಒಂದು ನಿಮಿಷದ ಆಸುಪಾಸಿನಲ್ಲಿ ಏಳುತ್ತದೆ, ಮೊಸಳೆ ಹತ್ತಿಪ್ಪತ್ತು ನಿಮಿಷ ಆರಾಮವಾಗಿ ಕೆಳಗಿರುತ್ತದೆ.

ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ, ಸಮಯ ಸ್ಥಳದ ವಿವರವೂ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಮೂಲ ಫೈಲನ್ನು ಅಳಿಸಬೇಡಿ.

ಮಾರನೆಯ ದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತು, ಅದೇ ಕ್ಯಾಮೆರಾದಲ್ಲಿ, ಮೀನುಗಾರರ ತೆಪ್ಪ ಆ ಕಡೆ ಹೋದಾಗ ಒಂದು ಚಿತ್ರ ತೆಗೆಯಿರಿ. ತೆಪ್ಪದ ಅಗಲವನ್ನು ದಡಕ್ಕೆ ಬಂದಾಗ ಟೇಪಿನಲ್ಲಿ ಅಳೆಯಿರಿ. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ವಾದ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ.

ನೋಡಿದವರು ನಾಲ್ಕು ಜನ ಇದ್ದೇವೆ. ಒಟ್ಟಿಗೆ ಕೂತು ಬರೆಯೋಣವೇ?

ಬೇಡ. ಚಹಾ ಅಂಗಡಿಗೆ ಹೋಗುವ ಮುಂಚೆಯೇ ಒಬ್ಬೊಬ್ಬರೂ ಬೇರೆ ಬೇರೆ ಬರೆಯಿರಿ, ಬರೆಯಲು ಬಾರದವರು ಚಿತ್ರ ಗೀಚಲಿ ಅಥವಾ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಲಿ. ಒಬ್ಬರು "ಹೆಡೆ ಇತ್ತು ಕಣಣ್ಣ" ಎಂದರೆ ಸಾಕು, ಸಂಜೆಯೊಳಗೆ ನಾಲ್ವರಿಗೂ ಹೆಡೆ ಕಂಡಿರುತ್ತದೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರುವುದಿಲ್ಲ, ನೆನಪಿನ ಸ್ವಭಾವವೇ ಅದು.

ಬರೆಯಬೇಕಾದ್ದು: ದಿನ, ಹೊತ್ತು, ಎಲ್ಲಿ ನಿಂತಿದ್ದಿರಿ, ಸೂರ್ಯ ಎದುರಿಗಿತ್ತೋ ಹಿಂದಿತ್ತೋ, ಗಾಳಿ, ನೀರಿನ ಮೇಲೆ ಏನೇನು ತೇಲುತ್ತಿತ್ತು, ಹಿಂದಿನ ಅರ್ಧ ಗಂಟೆಯಲ್ಲಿ ದೋಣಿ ಹೋಗಿತ್ತೋ, ಎಷ್ಟು ಹೊತ್ತು ಕಂಡಿತು, ಹೇಗೆ ಮುಳುಗಿತು. ಕೊನೆಯದು ಮುಖ್ಯ. ಮೊಸಳೆ ಅಲೆಯೇ ಏಳದಂತೆ ನೇರ ಕೆಳಗಿಳಿಯುತ್ತದೆ, ನೀರುನಾಯಿ ಬೆನ್ನು ಬಾಗಿಸಿ ತಲೆ ಮುಂದಾಗಿ ಮುಳುಗುತ್ತದೆ, ಮೀನು ಬಾಲ ಬಡಿಯುತ್ತದೆ. ಸೂರ್ಯ ಎದುರಿಗಿದ್ದರೆ ಬಣ್ಣದ ಬಗ್ಗೆ ಏನೂ ಬರೆಯಬೇಡಿ, ಆಗ ಎಲ್ಲವೂ ಕಪ್ಪೇ.

ದಡದ ಕೆಸರಿನಲ್ಲಿ ಹೆಜ್ಜೆ ಗುರುತು ಇದೆ. ಅಚ್ಚು ತೆಗೆಯುವುದು ಹೇಗೆ?

ಮೊದಲು ಗುರುತು ನೀರಿನಿಂದ ಎಷ್ಟು ದೂರವಿದೆ ನೋಡಿ. ಹತ್ತು ಮೀಟರಿನೊಳಗಿದ್ದರೆ ದೂರದಿಂದ ಫೋಟೊ ಮಾತ್ರ. ಮೊಸಳೆ ಹತ್ತಿದ ಜಾಗದಲ್ಲೇ ಮತ್ತೆ ಹತ್ತುತ್ತದೆ. ದೂರವಿದ್ದರೂ ಒಬ್ಬರು ಬರೀ ನೀರನ್ನು ನೋಡುತ್ತಾ ನಿಂತಿರಬೇಕು.

ಮೊಸಳೆ ನಡೆದಿದ್ದರೆ ನಡುವೆ ಬಾಲ ಎಳೆದ ಬಳುಕು ಗೆರೆ, ಹೊಟ್ಟೆ ಜಾರಿದ ನುಣುಪು ಪಟ್ಟಿ, ಎರಡು ಬದಿಗೆ ಹೆಜ್ಜೆ. ಮುಂಗಾಲಿಗೆ ಐದು ಬೆರಳು, ಹಿಂಗಾಲಿಗೆ ನಾಲ್ಕು. ಉಡದ್ದೂ ಬಾಲದ ಗೆರೆಯೇ, ಆದರೆ ಎಲ್ಲ ಕಾಲಿಗೂ ಐದು ಉದ್ದ ಬೆರಳು, ಉಗುರಿನ ಗೀರು ಆಳ. ನೀರುನಾಯಿ ಹೆಜ್ಜೆಯಲ್ಲಿ ಐದು ಬೆರಳು ಬೀಸಣಿಗೆಯಂತೆ ಹರಡಿರುತ್ತವೆ, ಹತ್ತಿರದಲ್ಲೇ ಮೀನಿನ ಹುರುಪೆ, ಏಡಿ ಚಿಪ್ಪು ತುಂಬಿದ ಹಿಕ್ಕೆ ಇರುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಎರಡು ಲೋಟ, ನೀರು ಒಂದು ಲೋಟ. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿದರೆ ಗಂಟಾಗುತ್ತದೆ. ಗುರುತಿನಲ್ಲಿ ನೀರು ನಿಂತಿದ್ದರೆ ಬಟ್ಟೆಯ ತುದಿಯಿಂದ ಹೀರಿಸಿ ತೆಗೆಯಿರಿ. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿದ ಪಟ್ಟಿಯನ್ನು ಸುತ್ತ ನೆಟ್ಟು, ದೋಸೆ ಹಿಟ್ಟಿನ ಹದಕ್ಕೆ ಬಂದದ್ದನ್ನು ಬದಿಯಿಂದ ಚಮಚದ ಬೆನ್ನಿನ ಮೇಲೆ ಹರಿಸಿ. ನೇರ ಸುರಿದರೆ ಬೆರಳಿನ ಗುರುತು ಕಿತ್ತುಹೋಗುತ್ತದೆ. ದಪ್ಪ ಮೂರು ಸೆಂಟಿಮೀಟರ್ ಇರಲಿ, ಕಡಿಮೆಯಾದರೆ ಎತ್ತುವಾಗ ಮುರಿಯುತ್ತದೆ. ಮುಕ್ಕಾಲು ಗಂಟೆ ಬಿಟ್ಟು, ಕೆಳಗಿನ ಮಣ್ಣಿನ ಸಮೇತ ಎತ್ತಿ, ಮನೆಯಲ್ಲಿ ಒಂದು ದಿನ ಒಣಗಿದ ಮೇಲೆ ತೊಳೆಯಿರಿ. ಅಚ್ಚು ಹಾಕುವ ಮೊದಲೇ ಪಕ್ಕದಲ್ಲಿ ಸ್ಕೇಲ್ ಇಟ್ಟು ಮೇಲಿನಿಂದ ನೇರವಾಗಿ ಫೋಟೊ ತೆಗೆದಿರಿ, ಅಚ್ಚು ಕೆಟ್ಟರೂ ಅದು ಇರುತ್ತದೆ.

ಸೋನಾರ್, ಡ್ರೋನ್, ಡಿಎನ್‌ಎ ಪರೀಕ್ಷೆ?

ಸದ್ದಿನ ಪ್ರತಿಧ್ವನಿಯಿಂದ ನೀರೊಳಗಿನದನ್ನು ತೋರಿಸುವ ಸಣ್ಣ ಸೋನಾರ್ ಯಂತ್ರ, ಅಂದರೆ ಫಿಶ್ ಫೈಂಡರ್, ಆಳವಿಲ್ಲದ, ಕಳೆ ತುಂಬಿದ ಕೆರೆಯಲ್ಲಿ ಬರೀ ಗದ್ದಲ ತೋರಿಸುತ್ತದೆ. ಮೀನಿನ ಹಿಂಡೇ ಒಂದು ದೊಡ್ಡ ಮುದ್ದೆಯಾಗಿ ಕಾಣುತ್ತದೆ. ಡ್ರೋನ್ ಹಾರಿಸಲು ಎಷ್ಟೋ ಕಡೆ ಅನುಮತಿ ಬೇಕು, ಪಕ್ಷಿಧಾಮ ಮತ್ತು ಅಣೆಕಟ್ಟಿನ ಬಳಿ ಅದನ್ನು ಯೋಚಿಸಲೇಬೇಡಿ. ನೀರಿನ ಡಿಎನ್‌ಎ ಪರೀಕ್ಷೆ ಒಳ್ಳೆಯ ವಿಧಾನ, ಆದರೆ ಶುದ್ಧ ಬಾಟಲಿ, ಸೂಕ್ಷ್ಮ ಫಿಲ್ಟರ್, ಪ್ರಯೋಗಾಲಯ ಎಲ್ಲ ಬೇಕು. ಊರಿನ ಚರಂಡಿ ಸೇರುವ ಕೆರೆಯಲ್ಲಿ ಮನುಷ್ಯ, ದನ, ಕೋಳಿ ಎಲ್ಲದರ ಡಿಎನ್‌ಎಯೂ ಸಿಗುತ್ತದೆ. ಒಂದು ಜೊತೆ 8x42 ದುರ್ಬೀನು ಮತ್ತು ತಾಳ್ಮೆ ಇವೆಲ್ಲಕ್ಕಿಂತ ಅಗ್ಗ.

ವಾಟ್ಸಾಪಿನಲ್ಲಿ "ನಮ್ಮ ಕೆರೆಯ ದೈತ್ಯ" ಎಂಬ ವಿಡಿಯೊ ಬಂದಿದೆ. ನಿಜವೇ?

ಅದೇ ಕೆರೆಯೇ ಎಂದು ಮೊದಲು ನೋಡಿ. ಎದುರು ದಡದ ಮರ, ವಿದ್ಯುತ್ ಕಂಬ, ಹಿಂದಿನಿಂದ ಕೇಳುವ ಭಾಷೆ ಹೊಂದುತ್ತವೆಯೇ? ಒಂದು ಚೌಕಟ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿನಲ್ಲಿ ಹುಡುಕಿ. ಅಮೆಜಾನ್ ಕಾಡಿನ ಅನಕೊಂಡ ಮಂಡ್ಯಕ್ಕೆ ಬಂದಿರುವುದು ಹೆಚ್ಚಾಗಿ ಹೀಗೆ. ಎಐ ವಿಡಿಯೊಗಳಲ್ಲಿ ನೀರನ್ನು ನೋಡಿ: ಪ್ರಾಣಿ ಮುಂದೆ ಹೋದರೂ ಅಲೆ ಹಿಂದೆ ಹರಡುವುದಿಲ್ಲ, ಪ್ರತಿಬಿಂಬ ಮೈಗೆ ಹೊಂದುವುದಿಲ್ಲ.

ಕತ್ತರಿಸಿದ ಚಿತ್ರವನ್ನು ಯಾವತ್ತೂ ನಂಬಬೇಡಿ. ಲಾಕ್ ನೆಸ್ಸಿನ ದೈತ್ಯ ನೀರಿನಿಂದ ಕುತ್ತಿಗೆ ಎತ್ತಿದೆ ಎಂದು ಪ್ರಸಿದ್ಧವಾದ "ಸರ್ಜನ್ ಫೋಟೊ" 1934ರ ಏಪ್ರಿಲಿನಲ್ಲಿ ಡೈಲಿ ಮೇಲ್ ಪತ್ರಿಕೆಯಲ್ಲಿ ಬಂತು. ಪೂರ್ತಿ ಚಿತ್ರದಲ್ಲಿ ಸುತ್ತಲಿನ ನೀರು ವಿಶಾಲವಾಗಿ ಕಾಣುತ್ತಿತ್ತು, ಅಲೆಗಳಿಗೆ ಹೋಲಿಸಿದರೆ ವಸ್ತು ಚಿಕ್ಕದೆಂದು ಗೊತ್ತಾಗುತ್ತಿತ್ತು. ಜಗತ್ತು ನೋಡಿದ್ದು ಸುತ್ತ ಕತ್ತರಿಸಿದ್ದನ್ನು. ಆಟಿಕೆ ಸಬ್‌ಮರೀನಿಗೆ ತಲೆ, ಕುತ್ತಿಗೆ ಅಂಟಿಸಿ ಮಾಡಿದ್ದೆಂದು ಹೊರಬಿದ್ದದ್ದು 1994ರಲ್ಲಿ. ಅದರ ಹಿಂದಿದ್ದ ಮಾರ್ಮಡ್ಯೂಕ್ ವೆದರಲ್, 1933ರ ಡಿಸೆಂಬರಿನಲ್ಲಿ ಅದೇ ಪತ್ರಿಕೆಗಾಗಿ ದಡದಲ್ಲಿ ಹೆಜ್ಜೆ ಗುರುತು "ಪತ್ತೆ" ಮಾಡಿದ್ದ. ಲಂಡನ್ನಿನ ಮ್ಯೂಸಿಯಮ್ಮಿನವರು ಪರೀಕ್ಷಿಸಿದಾಗ ಅದು ಒಣಗಿಸಿದ ನೀರುಕುದುರೆಯ ಒಂದೇ ಕಾಲಿನದೆಂದು ತಿಳಿಯಿತು. ಹೆಜ್ಜೆ ಸಿಕ್ಕಾಗ ಎಡ, ಬಲ, ಮುಂದು, ಹಿಂದು ಬೇರೆ ಬೇರೆ ಇವೆಯೇ ಎಂದು ನೋಡುವುದು ಇದಕ್ಕೇ.

ಯಾರಿಗೆ ತಿಳಿಸಬೇಕು?

ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತಿದ್ದರೆ 112. ಜೊತೆಗೆ ಗ್ರಾಮ ಪಂಚಾಯಿತಿ ಮತ್ತು ನೀರುಗಂಟಿ. ನೀರುಗಂಟಿಗೆ ತೂಬಿನ ಬಳಿ ದಿನವೂ ಇಳಿಯುವ ಕೆಲಸ, ಅವರಿಗೆ ಮೊದಲು ಹೇಳಿ. ಫೋನಿನಲ್ಲಿ "ಕೆರೆಯಲ್ಲಿ ಏನೋ ಐತೆ" ಎಂದರೆ ಯಾರೂ ಬರುವುದಿಲ್ಲ. ಕೆರೆಯ ಹೆಸರು, ಯಾವ ಬದಿ, ಅಂದಾಜು ಉದ್ದ, ಎಷ್ಟು ಜನ ನೋಡಿದ್ದಾರೆ, ಫೋಟೊ ಇದೆಯೇ, ಹತ್ತಿರ ದನ ಕುಡಿಯುವ ಜಾಗವಿದೆಯೇ, ಇಷ್ಟನ್ನು ಹೇಳಿ. ಬೋನು ಇಡಬೇಕೋ, ಎಚ್ಚರಿಕೆ ಫಲಕ ಸಾಕೋ ಎಂದು ಅವರು ತೀರ್ಮಾನಿಸುತ್ತಾರೆ.

ಅವರು ಬರುವವರೆಗೆ ಮುಸ್ಸಂಜೆಯಿಂದ ಬೆಳಗಿನವರೆಗೆ ನೀರಿನ ಬಳಿ ಯಾರೂ ಹೋಗದಂತೆ ನೋಡಿಕೊಳ್ಳಿ. ಏರಿಯ ಪಕ್ಕ ಕೋಳಿ ಅಂಗಡಿಯ ತ್ಯಾಜ್ಯ ಸುರಿಯುತ್ತಿದ್ದರೆ ಅವತ್ತೇ ನಿಲ್ಲಿಸಿ. ಅದಕ್ಕೆ ನಾಯಿ ಬರುತ್ತವೆ, ಬಾಳೆಮೀನು ಸೇರುತ್ತವೆ, ಎರಡಕ್ಕೂ ಮೊಸಳೆ ಬರುತ್ತದೆ. ತ್ಯಾಜ್ಯ ಸುರಿಯುವ ಕೆರೆಯಿಂದ ಒಂದು ಮೊಸಳೆ ಹಿಡಿದು ಸಾಗಿಸಿದರೂ ಇನ್ನೊಂದು ಬಂದು ಕೂರುತ್ತದೆ.

ಬಲೆ ಹಾಕಿ ನಾವೇ ಹಿಡಿಯಬಹುದೇ?

ಮೊಸಳೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹಿಡಿಯುವುದು, ಕೊಲ್ಲುವುದು ಅಪರಾಧ, ಜೈಲು ಶಿಕ್ಷೆ ಕನಿಷ್ಠ ಮೂರು ವರ್ಷ. ಕಲ್ಲು ಎಸೆದು ಎಬ್ಬಿಸುವುದೂ ಬೇಡ. ಕಲ್ಲು ಬಿದ್ದ ಮೊಸಳೆ ಮುಳುಗಿ ಕೂರುತ್ತದೆ, ಅದು ಎಲ್ಲಿದೆ ಎಂಬುದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಏನೂ ಇಲ್ಲ ಎಂದು ಯಾವಾಗ ಖಚಿತವಾಗಿ ಹೇಳಬಹುದು?

ಚಳಿಗಾಲವಾದರೆ ಸುಲಭ. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಮೊಸಳೆ ಬಿಸಿಲಿಗೆ ದಡ ಹತ್ತಲೇಬೇಕು. ಏರಿಯ ಎರಡು ತುದಿಯಲ್ಲಿ ಇಬ್ಬರು ದುರ್ಬೀನು ಹಿಡಿದು ಒಂದು ವಾರ ಬಿಸಿಲಿರುವ ಬೆಳಗುಗಳಲ್ಲಿ ಕೂತು, ದಿನವೂ ದಡದ ಕೆಸರು ನೋಡಿ, ಗುರುತೇ ಸಿಗದಿದ್ದರೆ ದೊಡ್ಡ ಮೊಸಳೆ ಇರುವ ಸಾಧ್ಯತೆ ಬಹಳ ಕಡಿಮೆ. ಮಳೆಗಾಲದಲ್ಲಿ ಈ ಮಾತು ಹೇಳಲಾಗದು: ನೀರು ಕೆಂಪಗಿರುತ್ತದೆ, ಬಿಸಿಲಿರುವುದಿಲ್ಲ, ದಡ ದಿನಕ್ಕೊಂದು ಕಡೆ ಇರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಡದ ಮರಳಿನಲ್ಲಿ ಹೊಸದಾಗಿ ಕೆದರಿದ ಜಾಗ ಕಂಡರೆ ತಿರುಗಿ ನೋಡದೆ ಹಿಂದೆ ಬನ್ನಿ. ಮೊಟ್ಟೆ ಇಟ್ಟ ತಾಯಿ ಹತ್ತಿರದ ನೀರಿನಲ್ಲೇ ಕಾವಲಿರುತ್ತದೆ.